ಲಯ ಅಂದರೇನು ಅಂತ ಬಾಯಿಪಾಠ ಬರುತ್ತೆ, ಚಪ್ಪಾಳೆ ತಟ್ಟೋಕೆ ಬರಲ್ಲ: ಮಕ್ಕಳಿಗೆ ಸಂಗೀತ, ಚಿತ್ರದ ಮೊದಲ ಪಾಠ ಹೇಗೆ ಹೇಳಿಕೊಡೋದು?

ಅಮ್ಮನ ಜೋಳಿಗೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಏಳನೇ ಕ್ಲಾಸು. ಶಾಲೆಯಲ್ಲಿ ಸಂಗೀತ, ಚಿತ್ರಕಲೆ ಎರಡೂ ಇವೆ. ಮುಂದಿನ ತಿಂಗಳು ಪರೀಕ್ಷೆ. ನಿನ್ನೆ ರಾತ್ರಿ ಪುಸ್ತಕ ಹಿಡಿದು ಪ್ರಶ್ನೆ ಕೇಳುತ್ತಾ ಕೂತಿದ್ದೆ. "ಲಯ ಎಂದರೇನು?" ಅಂದೆ. ಒಂದೇ ಉಸಿರಿಗೆ ಎರಡು ಸಾಲು ಒಪ್ಪಿಸಿದಳು. ಒಂದಕ್ಷರ ತಪ್ಪಿಲ್ಲ. ಆಮೇಲೆ ಸುಮ್ನೆ, "ಎಲ್ಲಿ, ಚಪ್ಪಾಳೆ ತಟ್ಟುತ್ತಾ ಸರಿಗಮ ಹೇಳು" ಅಂದೆ. ನಾಲ್ಕನೇ ಏಟಿಗೆ ಕೈ ಒಂದು ಕಡೆ, ಬಾಯಿ ಒಂದು ಕಡೆ.

ಚಿತ್ರದಲ್ಲೂ ಹಾಗೇ. ಮೂಲ ಬಣ್ಣ ಮೂರು, ಕೆಂಪು ಹಳದಿ ನೀಲಿ ಅಂತ ಥಟ್ಟನೆ ಹೇಳುತ್ತಾಳೆ. ಮಾವಿನ ಎಲೆಯ ನೆರಳಿನ ಭಾಗ ತೋರಿಸು ಅಂದರೆ ಹಸಿರಿನ ಮೇಲೆ ಕಪ್ಪು ಬಳಿದುಬಿಟ್ಟಳು. ಎಲೆ ಸುಟ್ಟ ಹಾಗೆ ಕಂಡಿತು. ಅವಳಿಗೂ ಅದು ಗೊತ್ತಾಯಿತು, ಹಾಳೆ ಮಡಚಿ ಇಟ್ಟಳು. ಆ ಮುಖ ನೋಡಿ ನನಗೆ ಬೇಜಾರಾಯಿತು.

ನಾನು ಎರಡನ್ನೂ ಕಲಿತವಳಲ್ಲ. ಅಂಕ ಬರುತ್ತೆ, ಅದರ ಚಿಂತೆ ಇಲ್ಲ. ಇವಳಿಗೆ ಇದು ನಿಜವಾಗಿ ಗೊತ್ತಾಗಬೇಕು. ಮನೆಯಲ್ಲಿ ನಾನು ಏನು ಮಾಡಬಹುದು? ಯಾವುದರಿಂದ ಶುರು ಮಾಡಲಿ?

ಶ್ರುತಿಪೆಟ್ಟಿಗೆ, ಮೈಸೂರು

ನಿಮ್ಮ ಮಗಳಲ್ಲಿ ಏನೂ ಕೊರತೆ ಇಲ್ಲ ಮೇಡಂ. 22 ವರ್ಷದಿಂದ ಹಾಡುಗಾರಿಕೆ ಹೇಳಿಕೊಡುತ್ತಿದ್ದೇನೆ. ಹೆಚ್ಚಿನ ಮಕ್ಕಳು ಹೀಗೇ ಬರುತ್ತಾರೆ. ಹೆಸರು ಮೊದಲೇ ಬಂದು ಕೂತಿದೆ. ಆ ಹೆಸರು ಯಾವುದರದ್ದು ಅನ್ನೋದು ಇನ್ನೂ ಬಂದಿಲ್ಲ, ಅಷ್ಟೆ.

ಮೊದಲು ಒಂದು ಗೊಂದಲ ಬಿಡಿಸಿ. ನಮ್ಮ ಮಾತಿನಲ್ಲಿ "ದನಿ ಏರಿಸು" ಅಂದರೆ ಜೋರಾಗಿ ಮಾತಾಡು ಅಂತಲೂ ಆಗುತ್ತೆ, ಮೇಲಿನ ಸ್ವರಕ್ಕೆ ಹೋಗು ಅಂತಲೂ ಆಗುತ್ತೆ. ಅದಕ್ಕೇ ಮೇಲಿನ ಷಡ್ಜ, ಅಂದರೆ ಮೇಲಿನ ಸ ಹಾಡು ಅಂದಾಗ ಮಕ್ಕಳು ಕಿರುಚುತ್ತಾರೆ. ಜೋರು ಬೇರೆ, ಎತ್ತರ ಬೇರೆ ಅಂತ ಕಿವಿಗೆ ಗೊತ್ತಾಗಬೇಕು. ಅಡುಗೆಮನೆಯಿಂದ ಒಂದೇ ಥರದ ಮೂರು ಲೋಟ ತನ್ನಿ. ಒಂದು ಖಾಲಿ, ಒಂದರಲ್ಲಿ ಅರ್ಧ ನೀರು, ಒಂದರಲ್ಲಿ ಪೂರ್ತಿ. ಚಮಚದಿಂದ ಮೆಲ್ಲಗೆ ತಟ್ಟಿ. ನೀರು ಜಾಸ್ತಿ ಇದ್ದಷ್ಟೂ ಸ್ವರ ಕೆಳಗಿಳಿಯುತ್ತೆ. ಈಗ ಅದೇ ಲೋಟವನ್ನು ಒಮ್ಮೆ ಮೆಲ್ಲಗೆ, ಒಮ್ಮೆ ಗಟ್ಟಿಯಾಗಿ ತಟ್ಟಿ. ಸದ್ದು ಹೆಚ್ಚಾಯಿತು, ಸ್ವರ ಅಲ್ಲೇ ಇದೆ. ಹತ್ತು ನಿಮಿಷದ ಕೆಲಸ. ಇನ್ನು ಯಾವತ್ತೂ ಅವಳಿಗೆ ಇದು ಮರೆಯೋದಿಲ್ಲ.

ಆಮೇಲೆ ಶ್ರುತಿ, ಅಂದರೆ ಹಾಡಿಗೆ ಆಧಾರವಾಗಿ ನಿಲ್ಲುವ ಸ್ವರ. ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿಕೊಳ್ಳಿ. ಆ ವಯಸ್ಸಿನ ಹುಡುಗಿಯರಿಗೆ ಸಾಮಾನ್ಯವಾಗಿ ಐದು ಅಥವಾ ಐದೂವರೆ ಮನೆ ಶ್ರುತಿ (ಆ್ಯಪ್‌ನಲ್ಲಿ G ಅಥವಾ G#) ಹೊಂದುತ್ತೆ. ತಂಬೂರಿಯಲ್ಲಿ ನಾಲ್ಕು ತಂತಿ: ಪ, ಸ, ಸ, ಕೊನೆಗೆ ಕೆಳಗಿನ ಸ. ಐದು ನಿಮಿಷ ಬರೀ "ಸ" ಹಾಡಲಿ. ದನಿ ತಂಬೂರಿಯೊಳಗೆ ಕರಗಿದಾಗ ತನ್ನ ದನಿ ಎಲ್ಲಿದೆ ಅಂತ ಅವಳಿಗೇ ಗೊತ್ತಾಗಲ್ಲ. ಸ್ವಲ್ಪ ಜಾರಿದರೆ ಒಂದು ಅದುರು ಕೇಳುತ್ತೆ. ಆ ಅದುರು ಕೇಳಿಸಿಕೊಂಡ ದಿನ ಅವಳು ಶ್ರುತಿ ಕಲಿತಳು ಅಂತ ಲೆಕ್ಕ. ನಿಮಗೆ ಸಂಗೀತ ಬರಬೇಕಾಗಿಲ್ಲ, ಪಕ್ಕದಲ್ಲಿ ಕೂತರೆ ಸಾಕು.

ಮೃದಂಗದ ಪೋರ

ಲಯಕ್ಕೆ ನಾನು ಹೇಳ್ತೀನಿ. ಕೂತು ಚಪ್ಪಾಳೆ ತಟ್ಟೋದು ಆಮೇಲೆ. ಮೊದಲು ನಡೆಯೋಕೆ ಹೇಳಿ. ಹೆಜ್ಜೆಗೆ ಒಂದು ಸ್ವರ. ಕಾಲು ತಪ್ಪೋದಿಲ್ಲ, ಯಾಕೆಂದರೆ ಎಲ್ಲರೂ ಒಂದೇ ಸಮನೆ ನಡೆಯೋದನ್ನು ಆಗಲೇ ಕಲಿತಿದ್ದಾರೆ. ಆಮೇಲೆ ಅದೇ ನಡಿಗೆಯಲ್ಲಿ ಹೆಜ್ಜೆಗೆ ಎರಡು ಸ್ವರ. ಆಮೇಲೆ ನಾಲ್ಕು. ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ ಅಂದರೆ ಇಷ್ಟೇ. ಮಕ್ಕಳು ತಪ್ಪೋದು ಎಲ್ಲಿ ಅಂದರೆ, ಸ್ವರ ಬೇಗ ಹೇಳು ಅಂದಾಗ ಹೆಜ್ಜೆಯನ್ನೂ ಬೇಗ ಹಾಕುತ್ತಾರೆ. ಹೆಜ್ಜೆ ಬದಲಾಗಬಾರದು. ಒಳಗೆ ತುಂಬುವ ಸ್ವರ ಮಾತ್ರ ಜಾಸ್ತಿ ಆಗಬೇಕು.

ಹೊಂಗೆ ನೆರಳು, ಮಂಡ್ಯ

ನಮ್ಮಜ್ಜಿ ರಾಗಿ ಬೀಸುತ್ತಾ ಹಾಡುತ್ತಿದ್ದರು. ಕಲ್ಲು ಒಂದು ಸುತ್ತು ಬಂದರೆ ಅರ್ಧ ಸಾಲು ಮುಗಿಯುತ್ತಿತ್ತು. ಕೈ ದಣಿದು ಕಲ್ಲು ನಿಧಾನ ಆದರೆ ಹಾಡೂ ನಿಧಾನ. ಅವರಿಗೆ ಲಯ ಅನ್ನೋ ಪದ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಬೀಸುವ ಪದ, ಕುಟ್ಟುವ ಪದ ಎಲ್ಲವೂ ಹಾಗೇ ಅಲ್ವಾ? ಒನಕೆ ಬೀಳುವ ಜಾಗದಲ್ಲೇ ಒತ್ತು ಬೀಳಬೇಕು. ಇಲ್ಲದಿದ್ದರೆ ಎದುರು ನಿಂತವರ ಒನಕೆಗೆ ತಗಲುತ್ತೆ.

ಶ್ರುತಿಪೆಟ್ಟಿಗೆ, ಮೈಸೂರು

ಇದು ತುಂಬಾ ಚೆನ್ನಾಗಿದೆ. ನಾಳೆ ಕ್ಲಾಸಿನಲ್ಲಿ ಹೇಳುತ್ತೇನೆ.

ಮೃದಂಗದ ತಮ್ಮ ಹೇಳಿದ್ದು ಲಯ. ತಾಳ ಅದರ ಮುಂದಿನದು. ಹೆಜ್ಜೆ ಸುಮ್ನೆ ಹೋಗುತ್ತಾ ಇದ್ದರೆ ಲಯ. ಇಂತಿಷ್ಟು ಹೆಜ್ಜೆಗೆ ಒಂದು ಸುತ್ತು ಅಂತ ಕಟ್ಟಿದರೆ ತಾಳ. ಆದಿತಾಳಕ್ಕೆ 8 ಅಕ್ಷರ. ಒಂದು ಘಾತ (ಏಟು), ಕಿರುಬೆರಳು, ಉಂಗುರ ಬೆರಳು, ನಡುಬೆರಳು. ಅಲ್ಲಿಗೆ 4, ಇದು ಲಘು. ಆಮೇಲೆ ಘಾತ, ಹುಸಿ (ಅಂಗೈ ಮೇಲಕ್ಕೆ ತಿರುಗಿಸೋದು), ಮತ್ತೆ ಘಾತ, ಹುಸಿ. ಇವು ಎರಡು ದ್ರುತ. ಸರಳೆ ವರಸೆಯನ್ನು ಪುಸ್ತಕದಲ್ಲಿ "ಸ ರಿ ಗ ಮ | ಪ ದ | ನಿ ಸ ||" ಅಂತ ಗೆರೆ ಎಳೆದು ಬರೆಯೋದು ಇದಕ್ಕೇ. ಮಕ್ಕಳು ಆ ಗೆರೆಗಳನ್ನು ಅಲಂಕಾರ ಅಂದುಕೊಂಡಿರುತ್ತಾರೆ. ಒಂದೊಂದು ಗೆರೆಯೂ ಕೈ ಬದಲಾಗುವ ಜಾಗ ಅಂತ ತೋರಿಸಿ.

ಏಳು ತಾಳ, ಐದು ಜಾತಿ, ಒಟ್ಟು 35 ಅನ್ನೋ ಕೋಷ್ಟಕ ಈಗ ಬೇಡ. ಪರೀಕ್ಷೆಗೆ ಬೇಕಾದರೆ ಓದಲಿ. ಲಘುವಿನಲ್ಲಿ ಬೆರಳು ಎಷ್ಟು ಎಣಿಸುತ್ತೇವೆ ಅನ್ನೋದು ಬದಲಾದರೆ ತಾಳದ ಅಳತೆ ಬದಲಾಗುತ್ತೆ, 3, 4, 5, 7, 9 ಅಂತ. ಇಷ್ಟು ಗೊತ್ತಿದ್ದರೆ ಕೋಷ್ಟಕವನ್ನು ಅವಳೇ ಬರೆದುಕೊಳ್ಳುತ್ತಾಳೆ.

ಮಲೆನಾಡ ಕುಂಚ, ಸಾಗರ

ನಾನು ಚಿತ್ರದ ಮೇಷ್ಟ್ರು. ಸಂಗೀತದವರೇ ಎಲ್ಲಾ ಜಾಗ ತೆಗೆದುಕೊಂಡರು, ನಮಗೂ ಸ್ವಲ್ಪ ಕೊಡಿ.

ಮೇಡಂ, ಎಲೆಗೆ ಕಪ್ಪು ಹಾಕಿದ್ದು ದೊಡ್ಡ ತಪ್ಪೇನಲ್ಲ. ನೆರಳು ಅಂದರೆ ಕಪ್ಪು ಅಂತ ಅವಳ ತಲೆಯಲ್ಲಿದೆ. ತಲೆಯಲ್ಲಿರೋದನ್ನೇ ಬರೆದಿದ್ದಾಳೆ, ಕಣ್ಣಿಗೆ ಕಂಡದ್ದನ್ನಲ್ಲ. ಚಿತ್ರಕಲೆಯ ಮೊದಲ ಪಾಠ ಈ ಎರಡರ ಜಗಳ. ಹಸಿರಿಗೆ ಚೂರು ಕೆಂಪು ಬೆರೆಸೋಕೆ ಹೇಳಿ. ಒಂದು ಕುಂಚದ ತುದಿಯಷ್ಟು ಸಾಕು. ಹಸಿರಿನ ಹೊಳಪು ತಗ್ಗಿ, ಗಾಢವಾಗಿ, ಎಲೆಯ ನೆರಳಿನ ಬಣ್ಣಕ್ಕೆ ಬರುತ್ತೆ. ಕೆಂಪು, ಹಸಿರು ಒಂದನ್ನೊಂದು ತಗ್ಗಿಸುವ ಬಣ್ಣಗಳು. ನೀಲಿ ಮತ್ತು ಕಿತ್ತಳೆ, ಹಳದಿ ಮತ್ತು ನೇರಳೆ ಕೂಡ ಹಾಗೇ. ಪುಸ್ತಕದಲ್ಲಿ ಇದನ್ನು ಪೂರಕ ಬಣ್ಣ ಅಂತ ಬರೆದಿರುತ್ತಾರೆ.

ಇದು ನಿಜವೇ ಅಂತ ಅವಳ ಕಣ್ಣೇ ಹೇಳುತ್ತೆ. ಬಿಳಿ ಹಾಳೆಯ ಮೇಲೆ ದೊಡ್ಡದಾಗಿ ಕೆಂಪು ಬೊಟ್ಟು ಇಡಿ. ಅರ್ಧ ನಿಮಿಷ ಕಣ್ಣು ಮಿಟುಕಿಸದೆ ನೋಡಿ, ಆಮೇಲೆ ಖಾಲಿ ಬಿಳಿ ಗೋಡೆ ನೋಡಲಿ. ಹಸಿರು ನೀಲಿ ಬೆರೆತ ಬೊಟ್ಟು ತೇಲುತ್ತೆ. ಕೆಂಪು ನೋಡಿ ನೋಡಿ ದಣಿದ ಕಣ್ಣು ಅದರ ಎದುರು ಬಣ್ಣ ತೋರಿಸುತ್ತೆ. ನನ್ನ ತರಗತಿಯಲ್ಲಿ ಇದು ಮಾಡಿದ ದಿನ ಗಲಾಟೆಯೋ ಗಲಾಟೆ.

ಇನ್ನೊಂದು ಮಾಡಿಸಿ. ಹಳದಿಗೆ ಚೂರು ಕಪ್ಪು ಬೆರೆಸಿ. ಮಕ್ಕಳು ಕೊಳಕು ಹಳದಿ ಬರುತ್ತೆ ಅಂದುಕೊಳ್ಳುತ್ತಾರೆ. ಬರೋದು ಪಾಚಿ ಹಸಿರು. ನಮ್ಮ ಕಡೆಯ ಮಳೆಗಾಲದ ಕಾಂಪೌಂಡ್ ಗೋಡೆ ಬರೆಯೋಕೆ ನಾನು ಇದೇ ಬಳಸೋದು.

ಅಮ್ಮನ ಜೋಳಿಗೆ, ದಾವಣಗೆರೆ

ಬೊಟ್ಟಿನದ್ದು ಈಗಲೇ ಮಾಡಿದೆವು! ನಮ್ಮತ್ತೆಯವರೂ ಬಂದು ನೋಡಿದರು. ಮೂರೂ ಜನ ಗೋಡೆ ನೋಡುತ್ತಾ ನಿಂತಿದ್ದೆವು.

ಮೇಷ್ಟ್ರೇ ಒಂದು ಪ್ರಶ್ನೆ. ಮಗಳು ಕೇಳುತ್ತಿದ್ದಾಳೆ. ಮೂಲ ಬಣ್ಣ ಕೆಂಪು ಹಳದಿ ನೀಲಿ ಅಂತ ಚಿತ್ರದ ಪುಸ್ತಕ. ಕೆಂಪು ಹಸಿರು ನೀಲಿ ಅಂತ ಅವಳಣ್ಣನ ಕಂಪ್ಯೂಟರ್ ಪುಸ್ತಕ. ಯಾವುದು ಸರಿ?

ಮಲೆನಾಡ ಕುಂಚ, ಸಾಗರ

ಎರಡೂ ಸರಿ, ಮಗಳಿಗೆ ಶಭಾಷ್ ಹೇಳಿ. ಟಿವಿ, ಫೋನು ಬೆಳಕನ್ನೇ ಕಳಿಸುತ್ತವೆ. ಅಲ್ಲಿ ಕೆಂಪು ಬೆಳಕಿಗೆ ಹಸಿರು ಬೆಳಕು ಸೇರಿದರೆ ಹಳದಿ ಕಾಣುತ್ತೆ. ಮೂರೂ ಸೇರಿದರೆ ಬಿಳಿ. ಬಣ್ಣದ ಡಬ್ಬಿಯದ್ದು ಬೆಳಕನ್ನು ನುಂಗುವ ವಸ್ತು. ಒಂದರ ಮೇಲೆ ಒಂದು ಸೇರಿಸಿದಷ್ಟೂ ನುಂಗೋದು ಜಾಸ್ತಿ, ಕಪ್ಪಿನ ಕಡೆ ಹೋಗುತ್ತೆ. ಅಚ್ಚಿನ ಮನೆಯಲ್ಲಿ ಇನ್ನೂ ಬೇರೆ: ತಿಳಿನೀಲಿ, ಗುಲಾಬಿಗೆಂಪು, ಹಳದಿ, ಜೊತೆಗೆ ಕಪ್ಪು. ಸಂಕ್ರಾಂತಿ ಕ್ಯಾಲೆಂಡರ್ ಇದ್ದರೆ ಭೂತಗನ್ನಡಿ ಹಿಡಿದು ನೋಡಲಿ. ಬರೀ ಚುಕ್ಕಿ ಕಾಣುತ್ತೆ.

ಧಾರವಾಡದ ಮಳಿ

ಎಲ್ಲಾರಿಗೂ ನಮಸ್ಕಾರರೀ. ಸಂಗೀತದ ಬಗ್ಗೆ ನಮ್ಮ ಕಡೆಯ ಮಾತೂ ಸ್ವಲ್ಪ ಕೇಳಿ. ಶ್ರುತಿಪೆಟ್ಟಿಗೆಯವರು ಸರಳೆ ವರಸೆ ಅಂದರು. ಅದು ಮಾಯಾಮಾಳವಗೌಳ ರಾಗದಲ್ಲಿ ಅಲ್ಲವೇನ್ರಿ? ನಮ್ಮಲ್ಲಿ ಹಿಂದೂಸ್ತಾನಿ ಕಲಿಯುವ ಮಕ್ಕಳಿಗೆ ಅದೇ ಸ್ವರಗಳ ಭೈರವ ಮೊದಲು ಕೊಡುವುದು ಕಡಿಮೆ. ಬಿಲಾವಲ್ ಸ್ವರಗಳಲ್ಲಿ ಅಲಂಕಾರ, ಆಮೇಲೆ ಭೂಪ್ ಅಥವಾ ಯಮನ್ ರಾಗ. ಕೋಮಲ ರಿಷಭ, ಅಂದರೆ ಸ ಪಕ್ಕದಲ್ಲೇ ಇರುವ ರಿ ಹಿಡಿಯುವುದು ದೊಡ್ಡವರಿಗೇ ಕಷ್ಟ. ಎಳೆ ಮಕ್ಕಳಿಗೆ ಅದನ್ನು ಮೊದಲ ದಿನವೇ ಯಾಕೆ ಕೊಡಬೇಕು?

ಶ್ರುತಿಪೆಟ್ಟಿಗೆ, ಮೈಸೂರು

ಒಳ್ಳೆಯ ಪ್ರಶ್ನೆ, ನಮ್ಮಲ್ಲೇ ಇದರ ಬಗ್ಗೆ ಜಗಳ ಇದೆ. ಸರಳೆ, ಜಂಟಿ, ಅಲಂಕಾರ, ಗೀತೆ ಅನ್ನೋ ಈ ಮೆಟ್ಟಿಲುಗಳನ್ನು ಕಟ್ಟಿದವರು ಪುರಂದರದಾಸರು ಅಂತ ನಮ್ಮ ಸಂಪ್ರದಾಯ ಹೇಳುತ್ತೆ. ಅವರಿಂದ ಈಚೆಗೆ ಸುಮಾರು 450 ವರ್ಷ ಆಯಿತು. ಯಾಕೆ ಈ ರಾಗ ಅನ್ನೋದಕ್ಕೆ ನಾನು ಹಾರ್ಮೋನಿಯಂ ಮುಂದೆ ಕೂರಿಸಿ ತೋರಿಸುತ್ತೇನೆ.

ಬಿಳಿ, ಕರಿ ಮನೆ ಎರಡನ್ನೂ ಎಣಿಸಿ. ಸ ಇರುವ ಮನೆಯಿಂದ ಪಕ್ಕದ ಮನೆಯೇ ರಿ. ಆಮೇಲೆ ಎರಡು ಮನೆ ಬಿಟ್ಟು ಗ. ಅದರ ಪಕ್ಕದಲ್ಲೇ ಮ. ಒಂದು ಮನೆ ಬಿಟ್ಟು ಪ. ಈಗ ಪ ಇಂದ ನೋಡಿ: ಪಕ್ಕದಲ್ಲೇ ದ, ಎರಡು ಬಿಟ್ಟು ನಿ, ಪಕ್ಕದಲ್ಲೇ ಮೇಲಿನ ಸ. ಮೊದಲರ್ಧ ಹೇಗೋ ಎರಡನೇ ಅರ್ಧವೂ ಹಾಗೆ. ಹತ್ತಿರ, ದೂರ, ಹತ್ತಿರ. ಒಂದು ಬಾಗಿಲಿನ ಎರಡು ರೆಕ್ಕೆ ಇದ್ದ ಹಾಗೆ. ಸ, ರಿ ನಡುವಿನ ಸಣ್ಣ ಸಂದು, ರಿ, ಗ ನಡುವಿನ ದೊಡ್ಡ ಜಿಗಿತ, ಎರಡನ್ನೂ ಕಿವಿ ಮೊದಲ ದಿನದಿಂದಲೇ ಅಳೆಯೋಕೆ ಕಲಿಯುತ್ತೆ. ಸಮ ಸಮ ಮೆಟ್ಟಿಲಿದ್ದರೆ ಕಾಲು ತಾನೇ ಹೋಗುತ್ತೆ, ಅಳತೆ ಗೊತ್ತಾಗಲ್ಲ.

ಆದರೆ ನೀವು ಹೇಳಿದ್ದರಲ್ಲಿ ಸತ್ಯ ಇದೆ. ಐದಾರು ವರ್ಷದ ಮಕ್ಕಳು ಬಂದರೆ ನಾನೂ ಮೋಹನದಲ್ಲೇ ಆಟ ಆಡಿಸುತ್ತೇನೆ. ನಿಮ್ಮ ಭೂಪ್ ಅದೇ ಐದು ಸ್ವರ. ರಿ ಸುಲಭವಾಗಿ ಸಿಗುತ್ತೆ. ಮಗು ಖುಷಿಯಾಗಿ ಹಾಡುತ್ತೆ. ಏಳನೇ ಕ್ಲಾಸಿನ ಹುಡುಗಿಗೆ ಮಾತ್ರ ಮಾಯಾಮಾಳವಗೌಳ ತಪ್ಪಿಸಬೇಡಿ.

ಮೃದಂಗದ ಪೋರ

ಮಾಯಾಮಾಳವಗೌಳ 15ನೇ ಮೇಳ (ತಾಯಿ ರಾಗ) ಅಂತ ಬಾಯಿಪಾಠ ಮಾಡೋದೇ ಬೇಡ, ಹೆಸರಲ್ಲೇ ಇದೆ. ಅಕ್ಷರಕ್ಕೆ ಅಂಕಿ ಕೊಡುವ ಕಟಪಯಾದಿ ಲೆಕ್ಕದಲ್ಲಿ ಪ ವರ್ಗದ ಐದನೇ ಅಕ್ಷರ ಮ, ಅದಕ್ಕೆ 5. ಯರಲವದ ಮೊದಲನೆಯದು ಯ, ಅದಕ್ಕೆ 1. ಮಾಯಾ ಅಂದರೆ 5, 1. ತಿರುಗಿಸಿದರೆ 15. ಧೀರಶಂಕರಾಭರಣ: ಧ 9, ರ 2, ತಿರುಗಿಸಿದರೆ 29. ಮೇಚಕಲ್ಯಾಣಿ: ಮ 5, ಚ 6, ಅಂದರೆ 65. ಮಗಳಿಗೆ ಕನ್ನಡ ವರ್ಣಮಾಲೆ ಬಂದರೆ ಸಾಕು.

ಮೇಳ ಒಟ್ಟು 72 ಹೇಗೆ ಬಂತು ಅನ್ನೋದೂ ಗುಣಾಕಾರ ಅಷ್ಟೆ. ರಿ, ಗ ಜೋಡಿ 6 ಥರ. ದ, ನಿ ಜೋಡಿ 6 ಥರ. ಆರಾರಲಿ 36. ಮಧ್ಯಮ, ಅಂದರೆ ಮ, ಎರಡು ಥರ, ಹಾಗಾಗಿ 72. 17ನೇ ಶತಮಾನದಲ್ಲಿ ತಂಜಾವೂರಿನಲ್ಲಿ ವೆಂಕಟಮಖಿ ಈ ಲೆಕ್ಕ ಹಾಕಿ ಇಟ್ಟರು.

ಧಾರವಾಡದ ಮಳಿ

ಬಾಗಿಲ ರೆಕ್ಕೆಯ ಮಾತು ಮನಸ್ಸಿಗೆ ಹಿಡಿಸಿತು. ಒಪ್ಪಿದೆ.

ಹೆಸರು ಮೊದಲೋ ಕಿವಿ ಮೊದಲೋ ಅಂತ ಮಾತು ಬಂತಲ್ಲ, ಗದಗಿನ ವೀರೇಶ್ವರ ಪುಣ್ಯಾಶ್ರಮ ನೆನಪಾಯಿತು. ಪಂಚಾಕ್ಷರ ಗವಾಯಿಗಳು ಕಟ್ಟಿದ್ದು, ಆಮೇಲೆ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೆ ನಡೆಸಿದರು. ಗುರು, ಶಿಷ್ಯ ಇಬ್ಬರಿಗೂ ಕಣ್ಣಿರಲಿಲ್ಲ. ಕಣ್ಣು ಕಾಣದ ಎಷ್ಟು ಮಕ್ಕಳು ಅಲ್ಲಿ ಹಾಡು, ತಬಲಾ, ಹಾರ್ಮೋನಿಯಂ ಕಲಿತು ಬದುಕು ಕಟ್ಟಿಕೊಂಡರು! ಪುಸ್ತಕದ ವ್ಯಾಖ್ಯೆ ಓದಿ ಕಲಿತದ್ದಲ್ಲ. ಗುರುವಿನ ದನಿ ಕೇಳಿ, ಕೈ ಹಿಡಿದು ತಾಳ ಹಾಕಿಸಿಕೊಂಡು ಕಲಿತದ್ದು. ಶಾಲೆಯ ಪಠ್ಯ ಬರೆಯುವವರು ಒಮ್ಮೆ ಅಲ್ಲಿ ಹೋಗಿ ಕೂರಬೇಕು ಅಂತ ನನ್ನ ಆಸೆ.

ಮಸ್ಕತ್ ಮಾವಿನಕಾಯಿ

ನಮ್ಮ ಮಗನಿಗೆ ಆನ್‌ಲೈನ್ ಪಾಠ. ಗುರುಗಳು ಬೆಂಗಳೂರಿನಲ್ಲಿ. ಇಬ್ಬರೂ ಒಟ್ಟಿಗೆ ತಾಳ ಹಾಕಿದರೆ ಯಾವಾಗಲೂ ಅವನದ್ದು ಹಿಂದೆ. ಒಂದು ವರ್ಷ ಅವನಿಗೆ ಲಯವೇ ಇಲ್ಲ ಅಂದುಕೊಂಡು ಬೈದಿದ್ದೇವೆ. ಈಗ ಆ ಬೈಗುಳ ನೆನೆದರೆ ಸಂಕಟ ಆಗುತ್ತೆ.

ಶ್ರುತಿಪೆಟ್ಟಿಗೆ, ಮೈಸೂರು

ಅಯ್ಯೋ, ಅದು ಹುಡುಗನ ತಪ್ಪಲ್ಲ. ದನಿ ಅಲ್ಲಿಂದ ಇಲ್ಲಿಗೆ ಬರೋಕೆ ಒಂದು ಗಳಿಗೆ ತಡ, ವಾಪಸ್ ಹೋಗೋಕೆ ಇನ್ನೊಂದು. ಆನ್‌ಲೈನಿನಲ್ಲಿ ಒಟ್ಟಿಗೆ ಹಾಡಲೇಬಾರದು. ಗುರುಗಳು ಒಂದು ಆವರ್ತ, ಅಂದರೆ ತಾಳದ ಒಂದು ಸುತ್ತು ಹಾಡಿ ನಿಲ್ಲಲಿ. ಅವನು ತನ್ನ ಕಡೆ ತಂಬೂರಿ ಹಾಕಿಕೊಂಡು, ತನ್ನದೇ ತಾಳದಲ್ಲಿ ಹಾಡಿ ಒಪ್ಪಿಸಲಿ. ವಾರಕ್ಕೊಮ್ಮೆ ರೆಕಾರ್ಡ್ ಮಾಡಿ ಕಳಿಸಲಿ. ಊರಿಗೆ ಬಂದಾಗ ಒಂದು ಬೆಳಿಗ್ಗೆ ಗುರುಗಳ ಎದುರು ಕೂತರೆ ಸಾಕು, ಅವನ ಲಯ ಎಲ್ಲಿದೆ ಅಂತ ನಿಮಗೇ ತಿಳಿಯುತ್ತೆ.

ಚಿನ್ನದ ರೇಕು, ಮೈಸೂರು

ಮಲೆನಾಡ ಕುಂಚ ಸರ್, ಒಂದು ವಿಷಯ. ನಾನು ಮೈಸೂರು ಶೈಲಿಯ ಚಿತ್ರ ಕಲಿಯುತ್ತಿದ್ದೇನೆ, ಎಂಟು ವರ್ಷ ಆಯಿತು. ನೋಡಿದ್ದನ್ನು ಬರೆಯಬೇಕು, ತಲೆಯಲ್ಲಿರೋದನ್ನಲ್ಲ ಅಂದಿರಿ. ನಮ್ಮಲ್ಲಿ ಮೊದಲ ಎರಡು ವರ್ಷ ಗುರುಗಳ ಗೆರೆಯನ್ನು ನೋಡಿ ನೋಡಿ ಬರೆಯೋದೇ. ಒಂದು ಕೈ, ಒಂದು ಪಾದ, ಒಂದು ಕಣ್ಣು. ಹಳಬರು ಹುಣಸೆ ಕಡ್ಡಿ ಸುಟ್ಟು ಇದ್ದಿಲು ಮಾಡಿಕೊಂಡು ಅದರಲ್ಲಿ ಮೊದಲ ಗೆರೆ ಹಾಕುತ್ತಿದ್ದರು. ನಕಲು ಮಾಡೋದು ತಪ್ಪು ಅಂತ ಈಗಿನ ಮೇಷ್ಟ್ರುಗಳು ಹೇಳಿದಾಗ ನನಗೆ ನೋವಾಗುತ್ತೆ. ಸರಳೆ ವರಸೆಯೂ ನಕಲೇ ಅಲ್ವಾ?

ಮಲೆನಾಡ ಕುಂಚ, ಸಾಗರ

ನೋವು ಮಾಡುವ ಉದ್ದೇಶ ಇಲ್ಲಮ್ಮ. ಗುರುವಿನ ಗೆರೆ ನೋಡಿ ಬರೆಯುವವರು ಗುರುವಿನ ಕೈ ಎಲ್ಲಿ ನಿಧಾನ ಆಯಿತು, ಎಲ್ಲಿ ಒತ್ತಿತು ಅಂತ ಕಲಿಯುತ್ತಾರೆ. ಅದು ದೊಡ್ಡ ವಿದ್ಯೆ. ನಾನು ಬೇಡ ಅನ್ನೋದು ಗ್ರೀಟಿಂಗ್ ಕಾರ್ಡಿನ ಬೆಟ್ಟ, ಬೆಟ್ಟದ ಸಂದಿಯಲ್ಲಿ ಸೂರ್ಯ, ಎರಡು ತೆಂಗಿನ ಮರ. ನಮ್ಮ ಶಾಲೆಯ ಕಿಟಕಿಯಲ್ಲಿ ನಿಜವಾದ ಗುಡ್ಡ ಕಾಣುತ್ತೆ. ಮಕ್ಕಳು ಅದಕ್ಕೆ ಬೆನ್ನು ಹಾಕಿ ಕೂತು ಆ ತ್ರಿಕೋನದ ಬೆಟ್ಟ ಬರೆಯುತ್ತಾರೆ.

ನೋಡೋದು ಅಂದರೇನು ಅಂತ ಒಂದೇ ಉದಾಹರಣೆ ಕೊಡುತ್ತೇನೆ. ಸ್ಟೀಲ್ ಲೋಟ ಬರೆಸಿ. ಡ್ರಾಯಿಂಗ್ ಲೋವರ್ ಗ್ರೇಡಿಗೆ ಕೂರುವ ಮಕ್ಕಳೂ ಇಲ್ಲಿ ಎಡವುತ್ತಾರೆ. ಬಾಯಿ ಮೊಟ್ಟೆಯಾಕಾರ ಬರೆಯುತ್ತಾರೆ, ತಳಕ್ಕೆ ನೇರ ಗೆರೆ ಎಳೆಯುತ್ತಾರೆ. ಯಾಕೆಂದರೆ ಲೋಟ ಮೇಜಿನ ಮೇಲೆ ಕೂರುತ್ತೆ, ಮೇಜು ಸಪಾಟು, ಹಾಗಾಗಿ ತಳವೂ ಸಪಾಟು ಅಂತ ತಲೆ ಹೇಳುತ್ತೆ. ಕಣ್ಣು ಬೇರೆ ಹೇಳುತ್ತೆ. ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿಯಿರಿ: ಬಾಯಿ ಒಂದು ಗೆರೆ. ಮೆಲ್ಲಗೆ ಕೆಳಗಿಳಿಸಿ: ಗೆರೆ ತೆರೆದುಕೊಂಡು ಮೊಟ್ಟೆಯಾಗುತ್ತೆ, ಇನ್ನೂ ಇಳಿಸಿದರೆ ಇನ್ನೂ ದುಂಡಗೆ. ತಳ ಬಾಯಿಗಿಂತ ಕೆಳಗಿದೆ. ಹಾಗಾದರೆ ತಳದ ಬಾಗು ಬಾಯಿಗಿಂತ ಜಾಸ್ತಿ ಇರಬೇಕು, ಕಡಿಮೆ ಅಲ್ಲ. ಇದು ಒಮ್ಮೆ ಕಂಡ ಮಗುವಿಗೆ ಬಾವಿ, ಬಕೆಟ್ಟು, ಗಾಡಿಯ ಚಕ್ರ ಎಲ್ಲವೂ ಬರುತ್ತೆ. ದೂರ, ಹತ್ತಿರ, ಕಣ್ಣಿನ ಮಟ್ಟ ಅನ್ನೋ ಪಾಠಗಳೆಲ್ಲ ಈ ಲೋಟದೊಳಗೇ ಇವೆ.

ನೆರಳೂ ಅದೇ ಲೋಟದಲ್ಲಿ ಆಗಲಿ. ಕಿಟಕಿ ಪಕ್ಕ ಇಡಿ. ಒಂದು ಕಡೆ ಮಿಂಚು, ಆಮೇಲೆ ನಡು ಬಣ್ಣ, ಆಮೇಲೆ ಗಾಢ. ಆದರೆ ಅಂಚಿನಲ್ಲಿ ಮತ್ತೆ ಒಂದು ತೆಳು ಬೆಳಕು ಕಾಣುತ್ತೆ. ಅದು ಮೇಜಿನಿಂದ ವಾಪಸ್ ಹಾರಿ ಬಂದ ಬೆಳಕು. ಆ ತೆಳು ಗೆರೆಯನ್ನು ಬೆಳಕಾಗಿಯೇ ಉಳಿಸಿದರೆ ಲೋಟ ದುಂಡಗೆ ನಿಲ್ಲುತ್ತೆ, ಉಳಿಸದಿದ್ದರೆ ಚಪ್ಪಟೆ. 2ಬಿ, 4ಬಿ ಎರಡು ಪೆನ್ಸಿಲ್ ಸಾಕು.

ಚಿನ್ನದ ರೇಕು, ಮೈಸೂರು

ಸರಿ ಸರ್, ಈಗ ಸಮಾಧಾನ ಆಯಿತು. ನಾಳೆ ನಾನೂ ಒಂದು ಲೋಟ ಬರೆಯುತ್ತೇನೆ.

ತಾಳದ ಮಾತು ಬಂದಿತ್ತಲ್ಲ, ನಮ್ಮಲ್ಲೂ ಆ ಹೆಸರಿನ ಅಳತೆ ಇದೆ. ವಿಗ್ರಹ ಮಾಡುವವರು, ದೇವರ ಚಿತ್ರ ಬರೆಯುವವರು ಮುಖದ ಉದ್ದವನ್ನೇ ಒಂದು ತಾಳ ಅಂತ ಹಿಡಿಯುತ್ತಾರೆ. ಒಂದು ತಾಳಕ್ಕೆ 12 ಅಂಗುಲ. ನವತಾಳದ ಮೂರ್ತಿ ಅಂದರೆ ಒಂಬತ್ತು ಮುಖದಷ್ಟು ಎತ್ತರ, 108 ಅಂಗುಲ. ಇಲ್ಲಿ ಅಂಗುಲ ಅಂದರೆ ಸ್ಕೇಲಿನ ಇಂಚಲ್ಲ, ಆ ಮೂರ್ತಿಯದೇ ಮುಖದ ಹನ್ನೆರಡನೇ ಒಂದು ಪಾಲು. ಚಿತ್ರ ಚಿಕ್ಕದಾದರೆ ಅಂಗುಲವೂ ಚಿಕ್ಕದು. ಹಾಡು ನಿಧಾನ ಆದರೆ ಅಕ್ಷರ ಉದ್ದ ಆಗುವ ಹಾಗೆ. ಅಳತೆ ಅನ್ನೋದು ಹೊರಗಿನಿಂದ ಬರೋದಿಲ್ಲ, ಒಳಗಿನ ಒಂದು ಭಾಗದಿಂದಲೇ ಹುಟ್ಟುತ್ತೆ. ನನಗೆ ಇದು ತಿಳಿದಾಗ ಮೈ ಜುಂ ಅಂದಿತ್ತು.

ಹೊಂಗೆ ನೆರಳು, ಮಂಡ್ಯ

ರಂಗೋಲಿ ಯಾರೂ ಹೇಳಲಿಲ್ಲ! 7ರಿಂದ 4 ಚುಕ್ಕಿ ಇಡಿ, ಎರಡು ಚುಕ್ಕಿ ನಡುವಿನ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರುವ ಹಾಗೆ. ಒಟ್ಟು 37 ಚುಕ್ಕಿ. ಹೂವಿಗೆ ಆರು ದಳ ಬರುತ್ತೆ. ಅದೇ 7ರಿಂದ 1ಕ್ಕೆ ನೇರ ಚುಕ್ಕಿ ಇಟ್ಟರೆ 25, ಆಗ ನಾಲ್ಕು ಮೂಲೆಯ ರಂಗೋಲಿ. ಚುಕ್ಕಿ ಇಟ್ಟಾಗಲೇ ಎಷ್ಟು ದಳ ಅಂತ ತೀರ್ಮಾನ ಆಗಿಹೋಗುತ್ತೆ. ಚುಕ್ಕಿ ತಾಳ, ಎಳೆ ಹಾಡು ಅಂತ ನನಗನ್ನಿಸುತ್ತೆ.

ಮಲೆನಾಡ ಕುಂಚ, ಸಾಗರ

ಒಳ್ಳೆ ಮಾತು. ನಮ್ಮ ಕಡೆ ದೀವರು ಸಮುದಾಯದ ಹೆಣ್ಣುಮಕ್ಕಳು ಗೋಡೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣಿನ ನೆಲೆ, ಅಕ್ಕಿ ಅರೆದ ಬಿಳಿ, ಹುರಿದು ಕಪ್ಪಾದ ಅಕ್ಕಿಯ ಕರಿ, ಗುರಿಗೆ ಕಾಯಿಯ ಹಳದಿ. ಅಷ್ಟೇ ಬಣ್ಣ. ಕುಂಚ ಅಂದರೆ ಪುಂಡಿ ನಾರು. ನನ್ನ ಮಕ್ಕಳು 24 ಬಣ್ಣದ ಡಬ್ಬಿ ಬೇಕು ಅಂದಾಗ ಚಿತ್ತಾರದ ಗೋಡೆ ಮುಂದೆ ಕರೆದುಕೊಂಡು ಹೋಗುತ್ತೇನೆ. ಬಣ್ಣ ಕಡಿಮೆ ಇದ್ದಾಗ ಗೆರೆ ಮಾತಾಡುತ್ತೆ.

ಶ್ರುತಿಪೆಟ್ಟಿಗೆ, ಮೈಸೂರು

ಸಂಗೀತ, ಚಿತ್ರ ಎರಡೂ ಒಬ್ಬರಲ್ಲೇ ಇದ್ದದ್ದಕ್ಕೆ ನಮ್ಮೂರಿನ ಒಬ್ಬರ ಹೆಸರು ಹೇಳುತ್ತೇನೆ. ಕೆ. ವೆಂಕಟಪ್ಪನವರು. ಕಲ್ಕತ್ತಾಕ್ಕೆ ಹೋಗಿ ಅವನೀಂದ್ರನಾಥ ಟಾಗೋರರ ಹತ್ತಿರ ಚಿತ್ರ ಕಲಿತರು. ವೀಣೆ ಶೇಷಣ್ಣನವರ ಹತ್ತಿರ ವೀಣೆ ಕಲಿತರು. ಊಟಿ, ಕೊಡೈಕೆನಾಲಿನ ಮಂಜಿನ ಚಿತ್ರಗಳನ್ನು ಜಲವರ್ಣದಲ್ಲಿ ಬರೆದವರು ಅವರೇ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿ ಇದೆ.

ರಾಗ ಅನ್ನೋ ಪದಕ್ಕೇ ಬಣ್ಣ, ಕೆಂಪು ಅನ್ನೋ ಅರ್ಥ ಇದೆ. ನಾವು ರಾಗದ ಛಾಯೆ ಅನ್ನುತ್ತೇವೆ. ವರ್ಣ ಅನ್ನೋ ರಚನೆ ಹಾಡುತ್ತೇವೆ. ಮಕ್ಕಳಿಗೆ ಇದನ್ನು ಹೇಳಿದರೆ ಕಣ್ಣು ಅರಳುತ್ತೆ.

ಧಾರವಾಡದ ಮಳಿ

ವಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹಿಯನ್ನೂ ಸೇರಿಸಿರಿ. 1580ರಿಂದ 1627ರವರೆಗೆ ಆಳಿದ ದೊರೆ. ತಾನೇ ರಾಗಗಳಿಗೆ ಪದ ಕಟ್ಟಿದ, ಚಿತ್ರಗಾರರನ್ನು ಸಾಕಿದ. ದಖ್ಖನ್ನಿನಲ್ಲೂ ರಾಜಸ್ಥಾನದಲ್ಲೂ ರಾಗಮಾಲೆ ಅಂತ ಒಂದೊಂದು ರಾಗಕ್ಕೆ ಒಂದೊಂದು ಚಿತ್ರ ಬರೆಯುತ್ತಿದ್ದರು. ತೋಡಿ ಅಂದರೆ ವೀಣೆ ಹಿಡಿದ ಹೆಣ್ಣು, ಸುತ್ತ ಜಿಂಕೆ. ನಮ್ಮ ಕ್ಲಾಸಿನಲ್ಲಿ ಮಕ್ಕಳಿಗೆ ರಾಗ ಕೇಳಿಸಿ ಚಿತ್ರ ಬರೆಯಿರಿ ಅಂದಿದ್ದೆ. ಯಮನ್‌ಗೆ ಒಬ್ಬ ಹುಡುಗ ಬಸ್ ಸ್ಟ್ಯಾಂಡಿನ ಸಂಜೆ ದೀಪ ಬರೆದಿದ್ದ. ಇನ್ನೂ ಗೋಡೆ ಮೇಲಿದೆ.

ಅಮ್ಮನ ಜೋಳಿಗೆ, ದಾವಣಗೆರೆ

ಹನ್ನೆರಡು ದಿನ ಆಯಿತು, ಬಂದು ಹೇಳುತ್ತೇನೆ ಅಂದುಕೊಂಡಿದ್ದೆ.

ದಿನಾ ಸಂಜೆ ಐದು ನಿಮಿಷ ತಂಬೂರಿ. ಮೊದಲ ನಾಲ್ಕು ದಿನ ಏನೂ ಆಗಲಿಲ್ಲ. ಐದನೇ ದಿನ ಮಧ್ಯದಲ್ಲಿ ನಿಲ್ಲಿಸಿ, "ಅಮ್ಮಾ, ಈಗ ನಾನು ಕಾಣೆಯಾದೆ" ಅಂದಳು. ನನಗೆ ಕಣ್ಣಲ್ಲಿ ನೀರು ಬಂತು. ಶ್ರುತಿಪೆಟ್ಟಿಗೆಯವರೇ, ನಿಮಗೆ ದೊಡ್ಡ ನಮಸ್ಕಾರ.

ಬಸ್ ಸ್ಟಾಪಿನವರೆಗೆ ಹೆಜ್ಜೆ ಹಾಕುತ್ತಾ ಸರಳೆ ವರಸೆ. ಎರಡನೇ ಕಾಲ ಬಂದಿದೆ. ಮೂರನೇ ಕಾಲದಲ್ಲಿ ಇನ್ನೂ ಓಡುತ್ತಾಳೆ. ಲೋಟ ಹನ್ನೊಂದು ಸಲ ಬರೆದಿದ್ದಾಳೆ. ಒಂಬತ್ತನೆಯದು ಮೇಜಿನ ಮೇಲೆ ಕೂತಿದೆ.

ನಿನ್ನೆ ಅವಳೇ ಒಂದು ಪ್ರಶ್ನೆ ಕೇಳಿದಳು, ನನಗೆ ಉತ್ತರ ಗೊತ್ತಿಲ್ಲ. ಸಂಜೆ ಬಿಳಿ ಗೋಡೆ ಮೇಲೆ ಬಿದ್ದ ನೆರಳು ಬೂದು ಅಲ್ಲ, ನೀಲಿ ಕಾಣುತ್ತೆ ಅಂತಾಳೆ. ನಿಜವೇ?

ಮಲೆನಾಡ ಕುಂಚ, ಸಾಗರ

ನಿಜ ಮೇಡಂ. ಬಿಸಿಲಿಗೆ ಆ ಹೊತ್ತಿನಲ್ಲಿ ಹಳದಿ ಬಣ್ಣ ಇರುತ್ತೆ. ನೆರಳಿನ ಜಾಗಕ್ಕೆ ಬಿಸಿಲು ಬೀಳಲ್ಲ, ಆಕಾಶದ ಬೆಳಕು ಮಾತ್ರ ಬೀಳುತ್ತೆ. ಆಕಾಶ ನೀಲಿ. ಹಾಗಾಗಿ ನೆರಳೂ ನೀಲಿ. ಪಕ್ಕದ ಹಳದಿಯಿಂದ ಅದು ಇನ್ನೂ ಜಾಸ್ತಿ ನೀಲಿ ಕಾಣುತ್ತೆ. ಆವತ್ತಿನ ಬೊಟ್ಟಿನ ಪಾಠ ನೆನಪಿಸಿ. ನೆರಳಿಗೆ ಕಪ್ಪು ಹಾಕುತ್ತಿದ್ದ ಹುಡುಗಿ ಇದನ್ನು ತಾನೇ ಕಂಡಳು ಅಂದರೆ, ನಾನು ಇನ್ನೇನು ಹೇಳಲಿ.

ನಾಳೆ ಬೆಳಿಗ್ಗೆ ಬಿಸಿಲು ಬಂದ ತಕ್ಷಣ ಒಂದು ಬಿಳಿ ಪಂಚೆ ಒಣಹಾಕಿ. ಮಡಿಕೆಗಳ ನೆರಳು ನೋಡಿ ಬರೆಯಲಿ. ಕಪ್ಪಿನ ಬಾಟಲಿ ಎತ್ತಿಡಿ.

ಅಮ್ಮನ ಜೋಳಿಗೆ, ದಾವಣಗೆರೆ

ಅವರಪ್ಪನ ಪಂಚೆ ಈಗಲೇ ನೆನೆಹಾಕಿದೆ ಮೇಷ್ಟ್ರೇ.